ಅಪ್ಪನ ಎಡೆ

ಐವತ್ತೆಂಟನೇ ಇಸವಿಯ ಮಹಾಲಯ ಅಮಾವಾಸ್ಯೆ. ಬಂದಳಿಕೆಯ ಹುಚ್ಚಮ್ಮ ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಹಿರಿಯರು ಉಣ್ಣುವ ತನಕ ಮನೆಯವರು ಒಂದಗುಳೂ ಮುಟ್ಟುವಂತಿಲ್ಲ. ಮೊಮ್ಮಗಳು ಯಮುನಾ ಇಣುಕಿದಾಗಲೆಲ್ಲ ಮುದುಕಿ ಸೌಟು ತೋರಿಸಿ ಓಡಿಸುತ್ತಿದ್ದಳು.

ಹುಡುಗಿಗೆ ತಿನಿಸು ಬೇಕಾಗಿದ್ದು ತನಗಾಗಿ ಅಲ್ಲ. ಹಿಂದಿನ ದಿನ ಎಮ್ಮೆ ಹುಡುಕುತ್ತ ಹೊಲದಾಚೆಯ ಪಾಳುಗುಡಿಗೆ ಹೋದವಳನ್ನು, ಕಾಲು ಬಾತು ಬಿದ್ದಿದ್ದ ಗಡ್ಡದವನೊಬ್ಬ ಕಂಬದ ಮರೆಯಿಂದ ಕರೆದಿದ್ದ. ಉಣ್ಣಲಿಕ್ಕೆ ಏನಾದರೂ ತಾ, ಯಾರಿಗಾದರೂ ಹೇಳಿದರೆ ನನ್ನನ್ನು ಕೊಂದುಬಿಡುತ್ತಾರೆ ಎಂದಿದ್ದ. ಅವನು ಹಸಿದು ಸತ್ತರೆ ಆ ಪಾಪ ತನ್ನದೇ ಎಂದು ಯಮುನಾಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ.

ಮಧ್ಯಾಹ್ನ ಯಮುನಾಳ ತೀರಿಹೋದ ಅಪ್ಪ ಗುತ್ಯಪ್ಪನ ಹೆಸರಲ್ಲಿ ಎಡೆಯಿಟ್ಟು, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯಲ್ಲಿ ಕೂತರು. ಸತ್ತವರು ಉಣ್ಣುವುದನ್ನು ಯಾರೂ ನೋಡಬಾರದು. ಆಮೇಲೆ ಎಲೆಯಲ್ಲಿ ಒಂದಗುಳು ಅಲುಗಿದ್ದರೂ ಸಾಕು, ಬಂದು ಉಂಡರೆಂದೇ ಲೆಕ್ಕ. ಹೋದ ವರ್ಷ ಇಟ್ಟದ್ದು ಇಟ್ಟಂತೆಯೇ ಇತ್ತು. ಗುತ್ಯಪ್ಪ ಸತ್ತ ದಿನ, ಎತ್ತಿನ ವಿಷಯಕ್ಕೆ ಮಾತು ಬೆಳೆದು, ಹುಚ್ಚಮ್ಮ ಉಣ್ಣುತ್ತಿದ್ದ ಮಗನನ್ನು ಬೈದಿದ್ದಳು. ಅರ್ಧಕ್ಕೇ ಎದ್ದು ಗಾಡಿ ಕಟ್ಟಿದವನು ಹೆಣವಾಗಿ ಬಂದಿದ್ದ. ನನ್ನ ಕೈಯ ಅನ್ನ ಅವನಿಗೆ ಇನ್ನೂ ಬೇಡವಾಗಿದೆ ಎಂದು ಮುದುಕಿ ವರ್ಷವೆಲ್ಲ ಕೊರಗಿ ಸೊರಗಿದ್ದಳು.

ಯಮುನಾ ಮೆಲ್ಲಗೆ ಎದ್ದು ಹಿತ್ತಿಲ ಕಡೆಯ ಸಣ್ಣ ಬಾಗಿಲಿನಿಂದ ಕೋಣೆಗೆ ನುಸುಳಿದಳು. ಹೋಳಿಗೆ, ಕಡುಬು, ಅನ್ನ ಎಲ್ಲವನ್ನೂ ಲಂಗಕ್ಕೆ ಬಾಚಿಕೊಂಡು ಗುಡಿಗೆ ಓಡಿದಳು. ಅವನು ಅವಳ ಮುಖವನ್ನೂ ನೋಡದೆ ಗಬಗಬ ತಿಂದ. ಯಮುನಾ ಏದುಸಿರು ಬಿಡುತ್ತ ಮರಳಿ ಜಗಲಿಗೆ ಬರುವಷ್ಟರಲ್ಲಿ ಅಜ್ಜಿ ಕೆಮ್ಮಿ, ಬಾಗಿಲು ತಟ್ಟಿ ತೆಗೆಯುತ್ತಿದ್ದಳು.

ಎಲೆ ಬರಿದು.

ಹುಚ್ಚಮ್ಮ ಅಲ್ಲೇ ಕುಸಿದು ಕೂತು ಎಲೆಯನ್ನು ಸವರಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯದು.

"ಉಂಡಾನೆ ಕಣೇ ತುಂಗಾ. ಸಿಟ್ಟು ಹೋತು ನನ್ನ ಮಗಂದು."

ಸೊಸೆ ತುಂಗಮ್ಮ ಬೆಕ್ಕೇನಾದರೂ ಎಂದು ಬಾಯಿ ತೆರೆದವಳು, ಮಗಳ ಲಂಗದ ಮೇಲಿನ ತುಪ್ಪದ ಕಲೆ ಕಂಡು ಸುಮ್ಮನಾದಳು.

ಊಟಕ್ಕೆ ಕೂತಾಗ ಅಜ್ಜಿ ಯಮುನಾಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಳು. ಹುಡುಗಿಗೆ ತಡೆಯಲಾಗಲಿಲ್ಲ.

"ಅಜ್ಜಿ, ಅದು ಅಪ್ಪ ಅಲ್ಲ..."

"ಸುಮ್ನೆ ಉಣ್ಣು," ಎಂದಳು ತುಂಗಮ್ಮ, ತಲೆಯೆತ್ತದೆ.

ಯಮುನಾ ತುತ್ತು ಎತ್ತಿದಳು. ಮತ್ತೆ ಎಲೆಗೇ ಇಟ್ಟಳು. ತಾನು ಓಡಿಹೋದ ಮೇಲೆ ಅಪ್ಪ ನಿಜಕ್ಕೂ ಬಂದಿದ್ದರೆ? ಖಾಲಿ ಎಲೆಯ ಮುಂದೆ ಒಂದು ಗಳಿಗೆ ಕೂತು, ಯಾರನ್ನೂ ಕರೆಯದೆ, ಎರಡನೆಯ ಸಲವೂ ಈ ಮನೆಯಿಂದ ಹಸಿದೇ ಎದ್ದು ಹೋಗಿದ್ದರೆ?