ಸತ್ತ ಮರಿ ಯಾರ ಪಾಲು

“ಅಳ್ತಾ ನಿಂತ್ಕಬ್ಯಾಡ ಕಣಮ್ಮಿ ಮುದ್ದಿ, ದರಿದ್ರ ಮುಂಡೆ! ಸತ್ತಿರದು ನಿನ್ ಮರಿ. ನಂದು ಅಲ್ನೋಡು, ಗುಂಡ್ಕಲ್ಲಂಗದೆ.”

ಶಿವಮೂರ್ತಿ ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಅಂಗಳದಲ್ಲಿ ಆಡಿನ ಗಂಡುಮರಿ ಹೊಟ್ಟೆ ಉಬ್ಬಿಕೊಂಡು ಸತ್ತು ಬಿದ್ದಿತ್ತು. ಕಂಬಕ್ಕೆ ಕಟ್ಟಿದ್ದ ಹೆಣ್ಣುಮರಿ ಮುದ್ದಮ್ಮನ ದನಿ ಕೇಳಿ ಹಗ್ಗ ಜಗ್ಗುತ್ತಿತ್ತು.

ತಾಯಿ ಆಡು ಅವನದು, ಸಾಕಿದವಳು ಮುದ್ದಮ್ಮ. ಎರಡು ಮರಿಗಳೂ ಹಾಲು ಬಿಟ್ಟು ಸೊಪ್ಪು ತಿನ್ನತೊಡಗಿದ ಮೇಲೆ ಒಂದು ಅವನಿಗೆ, ಒಂದು ಅವಳಿಗೆ. ಅದೇ ಪಾಲಿನ ಮಾತು. ಹಾಲು ಬಿಟ್ಟ ಮರಿಯನ್ನು ಉಳಿಸಿಕೊಳ್ಳುವುದು ಹಸುಗೂಸು ಸಾಕಿದಷ್ಟೇ ಪಾಡು. ನಾಲೆ ಏರಿಯಿಂದ ಅಗಸೆ ಚಿಗುರು ತಂದು, ಬಾಡಿಸಿ, ಸೂರಿಗೆ ನೇತುಹಾಕಿ, ಬೇಯಿಸಿದ ಹುರುಳಿಯನ್ನು ಚೂರುಚೂರೇ ಬಾಯಿಗಿಟ್ಟು ರೂಢಿ ಮಾಡಿಸಿದ್ದಳು. ಮನೆಯಲ್ಲಿ ಹುರುಳಿ ಕಟ್ಟಿನ ಸಾರು ಮಕ್ಕಳಿಗೆ, ಕಾಳು ಮರಿಗಳಿಗೆ. ಇಷ್ಟು ವರ್ಷ ಅವಳು ಸಾಕಿದ್ದೆಲ್ಲ ಪರರ ಆಡು. ಹೆಣ್ಣುಮರಿಯೊಂದು ಕೈಗೆ ಬಂದರೆ ಅದು ಈಯುವುದೆಲ್ಲ ಅವಳದೇ.

ನಿನ್ನೆ ಶಿವಮೂರ್ತಿಯ ಮೊಮ್ಮಗನ ನಾಮಕರಣ. ನೆಂಟರಿಗೆ ತೋರಿಸಲೆಂದು ಎರಡೂ ಮರಿಗಳನ್ನು ಮುದ್ದಮ್ಮನ ಮನೆಯಿಂದ ಹಿಡಿದು ತರಿಸಿದ್ದ. ಊಟ ಮುಗಿದ ಮೇಲೆ ಅವನ ಹೆಂಡತಿ ವಿಶಾಲಮ್ಮ ಮಿಕ್ಕ ಅನ್ನ, ಪಾಯಸವನ್ನು ಬಕೆಟ್ಟಿಗೆ ಸುರಿದು ಮರಿಗಳ ಮುಂದಿಟ್ಟಳು.

“ಅನ್ನ ಬ್ಯಾಡ ಕಣವ್ವಾ, ಒಟ್ಟೆ ಉಬ್ಕಂಡು ಸತ್ತೋಯ್ತವೆ,” ಎಂದು ಮುದ್ದಮ್ಮ ಬೇಲಿಯಾಚೆಯಿಂದ ಅಂಗಲಾಚಿದಳು.

“ನಮ್ಮನೆ ಮಿಕ್ಕಿದ್ನ ತಿಂದು ನೀವು ಬದುಕಿಲ್ವಾ? ನಿಮ್ಗಾಗಿದ್ದು ಆಡಿಗಾಗಲ್ವಾ?” ಎಂದಳು ವಿಶಾಲಮ್ಮ.

ನೆಂಟರೆಲ್ಲ ನಕ್ಕರು. ಹೆಣ್ಣುಮರಿ ಮೂಸಿ ಹಿಂದೆ ಸರಿಯಿತು. ಗಂಡುಮರಿ ಬಕೆಟ್ಟಿಗೆ ಬಾಯಿ ಹಾಕಿತು. ಬೆಳಗಾಗುವಷ್ಟರಲ್ಲಿ ಸತ್ತಿತ್ತು.

ಮುದ್ದಮ್ಮ ಕಣ್ಣೊರೆಸಿಕೊಂಡಳು. “ಹೆಣ್ಮರಿ ನೀನೇ ಮಡಿಕೊ ಅಂದಿದ್ರಲ್ಲ ಬುದ್ದೀ?”

“ಅದು ಎಲ್ಡೂ ಬದುಕಿದ್ದಾಗಿನ್ ಮಾತು. ನಾತ ಬರೋಕ್ ಮುಂಚೆ ಎತ್ಕಂಡೋಗು.”

ಆ ಊರಿನಲ್ಲಿ ಸತ್ತದ್ದನ್ನು ಎತ್ತುವವರು ಮುದ್ದಮ್ಮನ ಕೇರಿಯವರು ಮಾತ್ರ. ಶಿವಮೂರ್ತಿಯ ಮನೆಯವರು ಸತ್ತ ಇಲಿಯನ್ನೂ ಮುಟ್ಟರು. ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರಿಯ ಪಕ್ಕದಲ್ಲೇ ನೆಲಕ್ಕೆ ಕೂತಳು.

“ಎತ್ತಲ್ಲ.”

“ಏನಂದೆ?”

“ಇದು ನಿಮ್ ಪಾಲು, ನೀವೇ ಎತ್ತಿ. ಉಣ್ಣುಸ್ದೋರು ನಿಮ್ಮೆಡ್ತಿ, ಅವ್ರೇ ಮಣ್ ಮಾಡ್ಲಿ.”

ಶಿವಮೂರ್ತಿ ಬಾಯಲ್ಲಿದ್ದದ್ದನ್ನು ಅವಳ ಕಾಲ ಬಳಿ ಉಗಿದು ಫೋನ್ ತೆಗೆದ. “ಲೇ ಹುಚ್ಚ, ನಿನ್ನೆಡ್ತಿ ತಿಕ ಕೊಬ್ಬದೆ ಕಣ್ಲಾ. ಬಾ ಇಲ್ಲಿ!”

ಗಂಡ ಹುಚ್ಚಯ್ಯ ಓಡಿ ಬಂದ. ಹೆಗಲ ಟವೆಲ್ಲು ಆಗಲೇ ಕೈಗಿಳಿದಿತ್ತು. “ತಪ್ಪಾಯ್ತು ಬುದ್ದಿ,” ಎನ್ನುತ್ತ ಮರಿ ಎತ್ತಲು ಬಗ್ಗಿದ. ಮುದ್ದಮ್ಮ ಅದರ ಕೊರಳ ಮೇಲೆ ಕೈಯೂರಿದಳು.

“ಮುಟ್ಟುದ್ರೆ ನಿನ್ ಕೈ ಮುರೀತೀನಿ.”

“ನಾಳಿಕ್ಕೆ ಕಬ್ ಕಡಿಯಕೆ ನಮ್ಮ ಯಾರ್ ಕರ್ದಾರು ಮುದ್ದಿ?” ಹುಚ್ಚಯ್ಯ ಅವಳಿಗಷ್ಟೇ ಕೇಳುವಂತೆ ಅಂದ.

ಮುದ್ದಮ್ಮ ಮರಿಯ ಕೊರಳ ಮೇಲಿನ ಕೈ ತೆಗೆಯಲಿಲ್ಲ.