ಕೆಳಬೀದಿಯ ಹೊರಸು

ತೂಂಬಾದ ಚಕ್ರ ಹೊಸ್ತಿಲ ಕಲ್ಲಿಗೆ ತಾಗಿತೋ ಇಲ್ಲವೋ, ಅಮಲಿ ಬಾಗಿಲಿಗೆ ಅಡ್ಡ ನಿಂತಳು.

"ಇದು ಬೇಡ. ವಾಪಸ್ಸು ತಗೊಂಡು ಹೋಗಿ."

ತಳ್ಳಿಕೊಂಡು ಬಂದವರು ಮುಖ ಮುಖ ನೋಡಿಕೊಂಡರು. ಚರ್ಚಿನ ಹೆಣದ ಗಾಡಿ ಅದು. ಮೇಲೊಂದು ಶಿಲುಬೆ, ನಾಲ್ಕು ಮೂಲೆಗೆ ಮರದ ದೇವದೂತರು. ಮೇಲುಬೀದಿಯ ಹೆಂಗಸರು ಬೆಳಗಿನಿಂದ ಕೂತು ಅದಕ್ಕೆ ಸೇವಂತಿಗೆ ಸುತ್ತಿದ್ದರು. ಅದನ್ನಿಡುವ ಕೋಣೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚರ್ಚಿನ ಗಂಟೆ ಹೊಡೆದು, ದೀಪ ಹಚ್ಚಿ ಬದುಕು ಸವೆಸಿದ ಇನ್ನಾಸಿಮುತ್ತು ಈಗ ಒಳಗೆ ಬೆಂಚಿನ ಮೇಲೆ ಬಿಳಿಬಟ್ಟೆಯಲ್ಲಿ ಮಲಗಿದ್ದರು. ಕೈಯಲ್ಲಿ ಜಪಮಾಲೆ. ಮೇಣದ ಬತ್ತಿಯನ್ನು ಅವರು ಎಂದೂ ಊದಿ ಆರಿಸಿದವರಲ್ಲ. ದೇವರ ಬೆಳಕಿಗೆ ಬಾಯುಸಿರು ತಾಗಬಾರದೆಂದು ಬೆರಳಲ್ಲೇ ಹಿಸುಕುತ್ತಿದ್ದರು. ಮೀಯಿಸಿದ ಮೇಲೂ ಎರಡು ಬೆರಳ ತುದಿಯ ಕಪ್ಪು ಹೋಗಿರಲಿಲ್ಲ.

ಬೀದಿಯ ಯಜಮಾನ ಸೂಸೈ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ ಮುಂದೆ ಬಂದರು. "ಏನಮ್ಮಾ ಇದು ಹೊಸ ರಾಗ?"

"ಅಪ್ಪ ಹೇಳಿದ್ದು, ದೊಡ್ಡಪ್ಪ. ತೂಂಬಾ ಬೇಡ, ಅಡೈಕಲಂ ಮನೆ ಹಗ್ಗದ ಹೊರಸಿನ ಮೇಲೆ ಕಳಿಸು ಅಂದಿದ್ರು."

"ಕೆಳಬೀದಿ ಅಡೈಕಲಂ? ಯಾರೆದುರಿಗೆ ಹೇಳಿದ್ರು?"

"ನನ್ನೆದುರಿಗೆ."

ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಗೊಣಗಿದಳು. "ಬದುಕಿದ್ದಾಗ ಒಂದು ನೊಣಕ್ಕೂ ಬೇಡ ಅನ್ನಲಿಲ್ಲ ಇನ್ನಾಸಿ. ಸತ್ತ ಮೇಲೆ ಬಾಯಿ ಬಂತಾ?"

ಅಮಲಿಯ ಅಣ್ಣ ಇರುದಯಂ ಅವಳ ತೋಳು ಹಿಡಿದು ಪಕ್ಕಕ್ಕೆಳೆದ. "ಊರ ಮುಂದೆ ಮರ್ಯಾದೆ ತೆಗೀಬೇಡ. ನನಗೆ ಒಂದು ಮಾತು ಹೇಳಲಿಲ್ಲ ಅಪ್ಪ, ನಿನಗೆ ಹೇಳಿದ್ರಾ?"

"ನಿನಗೆ ಹೇಳಿದ್ರೆ ನೀನು ಒಪ್ಪುತ್ತಿದ್ದೆಯಾ?"

ಅವನು ತೋಳು ಬಿಟ್ಟ. ಸೂಸೈ ನಕ್ಕರು. "ಆಯ್ತು, ಹೊರಸು ಬರಬೇಕು ತಾನೆ? ಬೆಳಗಿನಿಂದ ಕೆಳಬೀದಿಯ ಒಂದು ನರಪಿಳ್ಳೆ ಇತ್ತ ಸುಳಿದಿಲ್ಲ. ಚರ್ಚಿನ ಗಂಟೆ ಹೊಡೆಯೋ ತನಕ ಕಾಯೋಣ. ಬರದಿದ್ರೆ ತೂಂಬಾ. ಒಪ್ಪಿಗೆ ತಾನೆ?"

"ಒಪ್ಪಿಗೆ," ಎಂದಳು ಅಮಲಿ. ಮುಂಜಾನೆಯೇ ಅವಳು ಹೋಗಿ ಸುದ್ದಿ ಹೇಳಿ ಬಂದಿದ್ದಳು. ಅಡೈಕಲಂ ಕೇಳಿಸಿಕೊಂಡು, ಮಾತಾಡದೆ ಒಳಗೆ ಹೋಗಿಬಿಟ್ಟಿದ್ದ.

*

ಅಡೈಕಲಂನ ತಾಯಿ ಚೌರಿಯಮ್ಮ ತೀರಿಕೊಂಡಾಗ ಅಮಲಿ ಇನ್ನೂ ಲಂಗ ಉಡುವ ಹುಡುಗಿ. ಅವನು ಚರ್ಚಿನ ಮೆಟ್ಟಿಲ ಕೆಳಗೆ ನಿಂತು ಅಪ್ಪನನ್ನು ಕೇಳಿದ್ದ.

"ಅಯ್ಯಾ, ಅಮ್ಮನಿಗೆ ತೂಂಬಾ ಕೊಡಿ. ನಮಗೂ ಇದೇ ಚರ್ಚು ತಾನೆ?"

ತೂಂಬಾ ಅಲ್ಲಿಯವರೆಗೆ ಕೆಳಬೀದಿಗೆ ಇಳಿದದ್ದೇ ಇಲ್ಲ. ಅಪ್ಪನ ಕೈ ಸೊಂಟದ ಬೀಗದಕೈಗೆ ಹೋಯಿತು. ಅದನ್ನು ಅಮಲಿ ಕಣ್ಣಾರೆ ಕಂಡಿದ್ದಳು. ಅಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ಸೂಸೈ ಒಂದು ಸಲ ಕೆಮ್ಮಿದರು. ಬೈಯಲಿಲ್ಲ, ಬೆದರಿಸಲಿಲ್ಲ, ಬರೀ ಕೆಮ್ಮಿದರು. ಅಪ್ಪನ ಕೈ ಕೆಳಗಿಳಿಯಿತು.

"ಕೇಳಿ ನೋಡ್ತೀನಪ್ಪಾ," ಎಂದರು. ಯಾರನ್ನು ಕೇಳಬೇಕಿತ್ತು? ಬೀಗದಕೈ ಅವರ ಸೊಂಟದಲ್ಲೇ ಇತ್ತು.

ಚೌರಿಯಮ್ಮ ಮನೆಯ ಹೊರಸಿನ ಮೇಲೇ ಹೋದಳು. ಅಂಗೈ ಸುಲಿಯುವ ತನಕ ಅಪ್ಪ ಸಾವಿನ ಗಂಟೆ ಹೊಡೆದರು. ಬಿಸಿಲಲ್ಲಿ ಬರಿಗಾಲಲ್ಲಿ ಎಲ್ಲರಿಗಿಂತ ಹಿಂದೆ ನಡೆದರು. ಅದರಿಂದೇನೂ ಸರಿಹೋಗಲಿಲ್ಲವೆಂದು ಅವರಿಗೆ ಗೊತ್ತಿತ್ತು.

ಕಳೆದ ಬೇಸಿಗೆಯಲ್ಲಿ, ಕಾಲು ಸೋತ ಮೇಲೆ, ಅಮಲಿಯ ಹೆಗಲು ಹಿಡಿದು ಅವರು ಅಡೈಕಲಂನ ಅಂಗಳಕ್ಕೆ ಹೋದರು.

"ನಾನು ಹೋಗೋ ದಿನ ಆ ಹೊರಸು ಕೊಡ್ತೀಯಾ, ಅಡೈಕಲಂ?"

ದನಕ್ಕೆ ಹಿಂಡಿ ಕಲೆಸುತ್ತಿದ್ದ ಅವನು ತಲೆಯೆತ್ತಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಕೊಡದಿದ್ರೂ ಅವನ ಮೇಲೆ ತಪ್ಪಿಲ್ಲ, ಮಗಳೇ," ಎಂದರು ಅಪ್ಪ ದಾರಿಯಲ್ಲಿ. "ನಾನೂ ಕೊಡಲಿಲ್ಲವಲ್ಲ."

*

ಚರ್ಚಿನ ಗಂಟೆ ಹೊಡೆಯಿತು.

"ಆಯ್ತಲ್ಲ, ತಾಯಿ?" ಎಂದರು ಸೂಸೈ. "ಚರ್ಚಲ್ಲಿ ಸ್ವಾಮಿಗಳು ಕಾಯ್ತಿದ್ದಾರೆ. ಏಳ್ರಪ್ಪಾ."

ಕೊಟ್ಟ ಮಾತು. ಅಮಲಿ ಬಾಗಿಲು ಬಿಟ್ಟು ಸರಿದಳು. ಅಪ್ಪ ಸತ್ತ ಕ್ಷಣದಲ್ಲಿ ಬಾರದ ಅಳು ಈಗ ಬಂತು. ಅಪ್ಪ ಕೇಳಿದ್ದು ಒಂದೇ, ಅದೂ ತನ್ನ ಕೈಲಾಗಲಿಲ್ಲ. ಇರುದಯಂ ತೂಂಬಾದ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಬಾಗಿಲಿಗೆ ಸರಿಯಾಗಿ ತಿರುಗಿಸಿದ.

ಆಗ ಬೀದಿಯ ತುದಿಯಲ್ಲಿ ಮಾತು ನಿಂತಿತು. ಜನ ದಾರಿ ಬಿಟ್ಟರು. ಅಡೈಕಲಂ ತಲೆಯ ಮೇಲೆ ಹೊರಸು ಹೊತ್ತು ಬರುತ್ತಿದ್ದ. ಹಿಂದೆ ಅವನ ಇಬ್ಬರು ತಮ್ಮಂದಿರು. ಅವನು ಯಾರ ಮುಖವನ್ನೂ ನೋಡದೆ ಹೊರಸನ್ನು ಅಂಗಳದಲ್ಲಿಟ್ಟ. ಚೌಕಟ್ಟು ಹಳೆಯದು, ಹಗ್ಗ ಮಾತ್ರ ಹೊಚ್ಚಹೊಸದು.

"ತಡ ಆಯ್ತಮ್ಮಾ. ಅಮ್ಮ ಹೋದ ಮೇಲೆ ಇದರ ಮೇಲೆ ಯಾರೂ ಮಲಗಿಲ್ಲ, ಹಗ್ಗ ಪುಡಿಯಾಗಿತ್ತು. ಬೆಳಗಿನಿಂದ ಕೂತು ಬೇರೆ ಬಿಗಿದೆ. ಅಯ್ಯ ಜೋಲುಬೀಳಬಾರದಲ್ಲ."

ಇನ್ನಾಸಿಮುತ್ತುವನ್ನು ಅದರ ಮೇಲೆ ಮಲಗಿಸಿದರು. ಮೂರು ಕಾಲಿಗೆ ಮೂವರು ನಿಂತರು. ನಾಲ್ಕನೆಯ ಕಾಲು ಖಾಲಿಯಿತ್ತು. ಮೇಲುಬೀದಿಯ ಗಂಡಸರು ನೆಲ ನೋಡಿದರು. ಅಮಲಿ ಅಣ್ಣನ ಕಡೆ ನೋಡಿದಳು. ತೂಂಬಾದ ಹಿಡಿಯ ಮೇಲಿದ್ದ ಅವನ ಕೈ ಸಡಿಲಾಯಿತು.

ಸೂಸೈ ಕೆಮ್ಮಿದರು.

ಇರುದಯಂನ ಕೈ ಅಲ್ಲೇ ನಿಂತಿತು. ಅವನು ಒಂದು ಸಲ ಅಪ್ಪನ ಕಪ್ಪುಬೆರಳುಗಳನ್ನು ನೋಡಿದ. ಆಮೇಲೆ ಹಿಡಿ ಬಿಟ್ಟು ಬಂದು ನಾಲ್ಕನೆಯ ಕಾಲಿಗೆ ಹೆಗಲು ಕೊಟ್ಟ.

ಹೊರಸು ಎದ್ದಿತು, ಎದ್ದದ್ದೇ ಒಂದು ಕಡೆಗೆ ವಾಲಿತು. ಅವನು ಉಳಿದ ಮೂವರಿಗಿಂತ ಗೇಣುದ್ದ ಎತ್ತರ.

"ಸ್ವಲ್ಪ ಬಗ್ಗಪ್ಪಾ," ಎಂದ ಅಡೈಕಲಂ.

ಹಿಂದೆ ಯಾರದೋ ಮೇಕೆ ತೂಂಬಾದ ಸೇವಂತಿಗೆ ಎಳೆದು ತಿನ್ನುತ್ತಿತ್ತು, ಓಡಿಸಲು ಯಾರೂ ಹೋಗಲಿಲ್ಲ. ಇರುದಯಂ ಮೊಣಕಾಲು ಮಡಿಸಿ, ಬೆನ್ನು ತಗ್ಗಿಸಿದ. ಹೊರಸು ಸಮವಾಯಿತು. ಮೇಲುಬೀದಿಯ ಉದ್ದಕ್ಕೂ, ಜಗಲಿಗಳ ಮೇಲೆ ನಿಂತವರ ಮುಂದೆ, ಅವನು ಹಾಗೆ ಬಗ್ಗಿಯೇ ನಡೆದ.