ಪುಟ ಇನ್ನೂರ ಹನ್ನೊಂದು

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಹದಿನೇಳು ವರ್ಷ ಕಳೆದ ಮೇಲೆ ಆಕೆ ಕಾಲೇಜಿಗೆ ಸೇರಿದಳು. ಡಿಪೋದಲ್ಲಿ ಮೇಲ್ವಿಚಾರಕಿಯಾಗಬೇಕಾದರೆ ಪದವಿ ಇರಲೇಬೇಕೆಂದು ಹೊಸ ನಿಯಮ ಬಂದಿತ್ತು. ತರಗತಿ ಬೆಳಿಗ್ಗೆ ಏಳಕ್ಕೆ, ಡ್ಯೂಟಿ ಹತ್ತೂವರೆಗೆ. ಸಮವಸ್ತ್ರದಲ್ಲೇ ಬಂದು ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಅವಳಿಗೆ ಮಗಳ ವಯಸ್ಸಿನ ಸಹಪಾಠಿಗಳು ಮೊದಲ ವಾರವೇ ಹೆಸರಿಟ್ಟರು: ಚೆಕಿಂಗ್ ಅಕ್ಕ.

ಸಂಶಯ ಅವಳ ಸ್ವಭಾವವೂ ಹೌದು, ಕಸುಬೂ ಹೌದು. ತಾನು ಬಸ್ಸು ಹತ್ತಿದ ಕೂಡಲೇ ಯಾರು ಕಿಟಕಿಯ ಕಡೆ ತುಸು ಹೆಚ್ಚೇ ನೋಡುತ್ತಾರೋ ಅವರ ಬಳಿ ಟಿಕೆಟ್ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಸಮಾಜಶಾಸ್ತ್ರ ಕಲಿಸುವ ಮೇಡಂ ಮೊದಲ ದಿನ ಪುಸ್ತಕವಿಲ್ಲದೆ, ಹಾಳೆಯಿಲ್ಲದೆ, ಕೈಬೀಸಿಕೊಂಡು ಒಳಗೆ ಬಂದಾಗಲೇ ಅವಳ ಹುಬ್ಬು ಗಂಟಿಕ್ಕಿತು.

"ನಾನು ನೋಟ್ಸ್ ಕೊಡಲ್ಲ" ಎಂದರು ಮೇಡಂ. "ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತನ್ನಿ. ನೀವೇ ಹುಡುಕಿ. ಹತ್ತು ಪುಟ ಬರೀರಿ. ಯಾವ ಮಾತು ಎಲ್ಲಿಂದ ಬಂತು ಅಂತ ಪ್ರತಿಯೊಂದಕ್ಕೂ ಆಧಾರ ಹೇಳಬೇಕು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ದರ್ಜಿ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ನಕ್ಕ. "ಪಾಠ ಮಾಡೋಕೆ ಬರದೇ ಇರೋರಿಗೆ ಇದು ಒಳ್ಳೆ ಉಪಾಯ. ನಾನೂ ನಾಳೆಯಿಂದ ಗಿರಾಕಿಗಳಿಗೆ ಬಟ್ಟೆ, ಕತ್ತರಿ ಕೊಟ್ಟು ಕೂರಿಸ್ತೀನಿ."

ತಮಾಷೆಯ ಮಾತೇ ಆದರೂ ಅವಳ ಅನುಮಾನಕ್ಕೆ ತುಪ್ಪ ಸುರಿಯಿತು. ಮರುದಿನ ಗ್ರಂಥಾಲಯದಲ್ಲಿ ಅದು ಇನ್ನೂ ಉರಿಯಿತು. ಅಲ್ಲಿ ಪುಸ್ತಕ ಕೊಡುವ ಮುದುಕ ಅಂದ, "ನೋಟ್ಸ್ ಕೊಡಲ್ವಾ? ಒಂದು ಕಾಲದಲ್ಲಿ ಆ ಮೇಡಂ ನೋಟ್ಸಿಗೆ ಜನ ಬೇರೆ ಕಾಲೇಜಿಂದ ಬರ್ತಿದ್ರಮ್ಮ."

ಹಾಗಾದರೆ ನೋಟ್ಸ್ ಇದೆ. ಇದ್ದೂ ಕೊಡುತ್ತಿಲ್ಲ. ಬೇಕಾದವರಿಗೆ ಮಾತ್ರ ಒಳಗಿಂದೊಳಗೆ ಹೋಗುತ್ತಿರಬೇಕು. ಮುಂದಿನ ಬೆಂಚಿನ ಇಬ್ಬರು ತರಗತಿ ಮುಗಿದ ಮೇಲೂ ಮೇಡಂ ಹಿಂದೆ ಹೋಗುವುದನ್ನು ಅವಳು ನೋಡಿದ್ದಳು.

ಪ್ರಶ್ನೆ ಒಪ್ಪಿಸುವ ದಿನ ಒಬ್ಬೊಬ್ಬರೂ ಎದ್ದು ತಮ್ಮದನ್ನು ಓದಿದರು. ಅವಳ ಸರದಿ ಬಂದಾಗ ನೇರವಾಗಿ ಕೇಳಿದಳು: "ಮೊದಲು ನೋಟ್ಸ್ ಕೊಡ್ತಿದ್ದ ಮೇಡಂ ಈಗ ಯಾಕೆ ಕೊಡಲ್ಲ? ಇದೇ ನನ್ನ ಪ್ರಶ್ನೆ."

ಮೇಡಂ, "ಒಳ್ಳೆ ಪ್ರಶ್ನೆ. ಹುಡುಕಿ. ಆದ್ರೆ ನನ್ನನ್ನ ಕೊನೇಲಿ ಕೇಳಿ" ಎಂದರು.

ಕೊನೆಗೇ ಯಾಕೆ? ಅಷ್ಟರಲ್ಲಿ ಏನೋ ಮುಚ್ಚಿಹಾಕುವುದಿದೆಯೇ? ಚೆಕಿಂಗ್ ಅಕ್ಕ ಅದನ್ನೂ ಬರೆದಿಟ್ಟುಕೊಂಡಳು.

ಹಿಂದಿನ ವರ್ಷಗಳ ಏಳು ಮಂದಿ ವಿದ್ಯಾರ್ಥಿಗಳನ್ನು ಅವಳು ಪತ್ತೆಮಾಡಿದಳು. ಆರು ವರ್ಷದಿಂದ ನೋಟ್ಸ್ ನಿಂತಿದೆ ಎಂದು ಎಲ್ಲರೂ ಹೇಳಿದರು. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಮುಂದಿನ ಬೆಂಚಿನ ಇಬ್ಬರನ್ನೂ ವಿಚಾರಿಸಿದಳು. ಅವರು ಮೇಡಂ ಹಿಂದೆ ಹೋಗುತ್ತಿದ್ದದ್ದು ವಾಕ್ಯ ತಿದ್ದಿಸಿಕೊಳ್ಳಲು. ಕೆಂಪು ಶಾಯಿಯ ಹಾಳೆಗಳನ್ನು ತೋರಿಸಿದರು. ಒಂದು ಅನುಮಾನ ಅಲ್ಲಿಗೆ ಸತ್ತಿತು. ಅದು ಸತ್ತದ್ದಕ್ಕೆ ಅವಳಿಗೆ ಸ್ವಲ್ಪ ಬೇಸರವೇ ಆಯಿತು.

ಕೊನೆಗೆ ಮುದುಕ ಬೀರುವಿನ ತಳದಿಂದ ಹಳೆಯ ನೋಟ್ಸಿನ ಒಂದು ಪ್ರತಿ ತೆಗೆದುಕೊಟ್ಟ. ಅರವತ್ತು ಹಾಳೆ, ನೀಟಾಗಿ ಬೈಂಡು ಮಾಡಿದ್ದು. ಅವಳು ಅದನ್ನು ಟಿಕೆಟ್ ನೋಡುವಂತೆ ನೋಡಿದಳು: ಓದುವ ಮೊದಲು ಸಂಖ್ಯೆಗಳ ಮೇಲೆ ಕಣ್ಣು. ಹದಿನಾಲ್ಕನೇ ಹಾಳೆಯಲ್ಲಿ ಹೀಗಿತ್ತು: ನಾಲ್ಕು ನೂರು ಮನೆಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಓದು ಕಲಿತ ತಾಯಂದಿರಲ್ಲಿ ಅರ್ಧದಷ್ಟು ಜನ ಐದು ವರ್ಷದಲ್ಲಿ ಅದನ್ನು ಮರೆಯುತ್ತಾರೆ. ಕೆಳಗೆ ಪುಸ್ತಕದ ಹೆಸರು, ಪುಟ ಇನ್ನೂರ ಹನ್ನೊಂದು.

ಪುಸ್ತಕ ಅದೇ ಗ್ರಂಥಾಲಯದಲ್ಲಿತ್ತು. ತೆಗೆದು ನೋಡಿದಳು. ಅದು ನೂರ ಎಂಬತ್ತಾರನೇ ಪುಟಕ್ಕೆ ಮುಗಿದುಹೋಗಿತ್ತು.

ಕಂಡಕ್ಟರನ ಸುರುಳಿಯಲ್ಲೇ ಇಲ್ಲದ ನಂಬರಿನ ಟಿಕೆಟ್ ಕೈಗೆ ಸಿಕ್ಕಾಗ ಆಗುವ ಹಿಗ್ಗು ಅವಳಿಗೆ ಹೊಸದಲ್ಲ. ಇಷ್ಟು ಸಾಕು ಎಂದುಕೊಂಡಳು. ನಾಲ್ಕು ದಿನ ಕೂತು ಹತ್ತು ಪುಟ ಬರೆದಳು. ಕೊನೆಯ ಸಾಲು: ಮೇಡಂ ಇಲ್ಲದ್ದನ್ನು ಸೃಷ್ಟಿಸಿ ನೋಟ್ಸಿಗೆ ಹಾಕಿದ್ದರು, ಸಿಕ್ಕಿಬೀಳುವ ಭಯದಿಂದ ಕೊಡುವುದನ್ನು ನಿಲ್ಲಿಸಿದರು.

ಬರಹ ವಾಪಸು ಬಂದಾಗ ಅಂಕ ಇರಲಿಲ್ಲ. 'ಸೃಷ್ಟಿಸಿ', 'ಭಯದಿಂದ' ಎಂಬ ಎರಡು ಪದಗಳಿಗೆ ಗೆರೆ ಎಳೆದು ಪಕ್ಕದಲ್ಲಿ ಬರೆದಿತ್ತು: ಆಧಾರ? ಬಂದು ಕಾಣಿ.

ಅಧ್ಯಾಪಕರ ಕೋಣೆಯಲ್ಲಿ ಮೇಡಂ ಒಬ್ಬರೇ ಇದ್ದರು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಫೇಲ್ ಮಾಡ್ತೀರಾ?" ಎಂದಳು.

"ಕೊನೇಲಿ ನನ್ನನ್ನ ಕೇಳಿ ಅಂದಿದ್ದೆ. ನೀವು ಕೇಳಲೇ ಇಲ್ಲ."

"ಕೇಳಿದ್ರೆ ನಿಜ ಹೇಳ್ತಿದ್ರಾ?"

"ಹೇಳ್ತಿದ್ದೆನೋ ಇಲ್ವೋ, ಕೇಳೋದು ನಿಮ್ಮ ಕೆಲಸ. ನಂಬೋದು ಬಿಡೋದು ಆಮೇಲೆ."

ಅವಳು ಕೂತಳು. ಡ್ಯೂಟಿಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು. "ಯಾಕೆ ನಿಲ್ಲಿಸಿದ್ರಿ?"

"ಒಂದಿನ ಕ್ಲಾಸಲ್ಲಿ ನೋಟ್ಸ್ ಬರೆಸ್ತಿದ್ದೆ. ಹಿಂದೆ ಗಲಾಟೆ. ವಾಕ್ಯದ ಮಧ್ಯೆ 'ಹಿಂದಿನ ಬೆಂಚು, ಮಾತು ಸಾಕು' ಅಂದೆ. ಪರೀಕ್ಷೇಲಿ ಹದಿನೇಳು ಜನ ಅದನ್ನೂ ಬರೆದಿದ್ರು. 'ಸಾಕ್ಷರತೆಯು, ಹಿಂದಿನ ಬೆಂಚು, ಮಾತು ಸಾಕು, ಸಮಾಜದ ಅಡಿಪಾಯ.' ಆ ಪತ್ರಿಕೆಗಳು ಇನ್ನೂ ನನ್ನ ಹತ್ರ ಇವೆ, ನೋಡಿ."

ಅವಳಿಗೆ ನಗು ಉಕ್ಕಿ ಬಂತು, ಆದರೂ ಬಿಡಲಿಲ್ಲ. ಪತ್ರಿಕೆಗಳನ್ನು ಒಂದೊಂದಾಗಿ ನೋಡಿದಳು. ಹದಿನೇಳು ಇದ್ದವು. ದಿನಾಂಕ ಆರು ವರ್ಷದ ಹಿಂದಿನದು.

"ಮತ್ತೆ ಇನ್ನೂರ ಹನ್ನೊಂದು?"

ಮೇಡಂ ಮುಖ ಸಪ್ಪಗಾಯಿತು. "ಅದು ನೀವು ಬರೆದ ಮೇಲೇ ನನಗೆ ಗೊತ್ತಾಗಿದ್ದು. ನಮ್ಮ ಗುರುಗಳು ಬರೆಸಿದ್ರು, ನಾನು ಬರೆಸಿದೆ. ಆ ಪುಸ್ತಕ ನಾನು ಬಿಚ್ಚಿ ನೋಡಿದೋಳಲ್ಲ."

ಇಂಥ ಮಾತನ್ನು ಯಾವ ಪ್ರಯಾಣಿಕನೂ ತಾನಾಗಿ ಹೇಳಿದ್ದಿಲ್ಲ. ಚೆಕಿಂಗ್ ಅಕ್ಕ ಎದ್ದು ನಿಂತಳು. "ಹಾಗಾದ್ರೆ ಈಗ ನೋಡೋಣ ಬನ್ನಿ" ಎಂದಳು.

ಇಬ್ಬರೂ ಗ್ರಂಥಾಲಯಕ್ಕೆ ಹೋಗಿ ಪುಸ್ತಕವನ್ನು ಮೊದಲಿನಿಂದ ಹುಡುಕಿದರು. ಸಮೀಕ್ಷೆ ಸಿಕ್ಕಿತು, ನೂರ ಇಪ್ಪತ್ತೊಂದನೇ ಪುಟದಲ್ಲಿ. ಯಾರದೋ ಕೈಯಲ್ಲಿ ಅಂಕಿ ಹಿಂದುಮುಂದಾಗಿ ನೂರ ಇಪ್ಪತ್ತೊಂದು ಇನ್ನೂರ ಹನ್ನೊಂದಾಗಿತ್ತು. ಆದರೆ ಅಲ್ಲಿದ್ದದ್ದು ನಾಲ್ಕು ನೂರು ಮನೆಗಳಲ್ಲ, ನಲವತ್ತು. ಬರೀ ನಲವತ್ತು ಮನೆಗಳ ಮಾತು ಎರಡು ತಲೆಮಾರಿನ ಉತ್ತರಪತ್ರಿಕೆಗಳಲ್ಲಿ ಹತ್ತು ಪಟ್ಟು ಬೆಳೆದು ನಿಂತಿತ್ತು.

"ಸೃಷ್ಟಿಸಿದ್ದಲ್ಲ" ಎಂದಳು ಅವಳು ಮೆಲ್ಲಗೆ. "ನಾನು ಬರೆದಿದ್ದು ತಪ್ಪು."

"ಅರ್ಧ ತಪ್ಪು" ಎಂದರು ಮೇಡಂ. "ನಂದು ಪೂರ್ತಿ."

ಮುಂದಿನ ಎರಡು ವಾರ ಅವರಿಬ್ಬರೂ ನೋಟ್ಸಿನ ಆಧಾರಗಳನ್ನೆಲ್ಲ ಮೂಲದೊಂದಿಗೆ ತಾಳೆ ನೋಡಿದರು. ಇನ್ನೂ ಐದು ತಪ್ಪು ಸಿಕ್ಕವು. ಮೇಡಂ ಅವುಗಳ ಪಟ್ಟಿ ಮಾಡಿ, ಕೆಳಗೆ ತಮ್ಮ ಸಹಿ ಹಾಕಿ, ಗ್ರಂಥಾಲಯದ ಪ್ರತಿಗೆ ಅಂಟಿಸಿದರು. ತರಗತಿಯಲ್ಲಿ ನಿಂತು ಅದನ್ನು ಓದಿಯೂ ಹೇಳಿದರು. ಓದುವಾಗ ಅವರ ದನಿ ಎರಡು ಕಡೆ ತಡವರಿಸಿತು. ಬೇರೆ ಅಧ್ಯಾಪಕರು ಕೆಲವರು ಕೆಲದಿನ ಚೆಕಿಂಗ್ ಅಕ್ಕನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಅವಳೂ ಅವರನ್ನು ಕಣ್ಣಿಟ್ಟು ನೋಡುತ್ತಿದ್ದಳು.

ತನ್ನ ಬರಹವನ್ನು ಅವಳು ಹೊಸದಾಗಿ ಬರೆದಳು. ಈ ಸಲ ಒಪ್ಪಿಸುವ ಮುಂಚೆ ಮುಂದಿನ ಬೆಂಚಿನ ಇಬ್ಬರಲ್ಲಿ ಒಬ್ಬ ಹುಡುಗಿಯ ಕೈಗೆ ಕೊಟ್ಟು, "ಎಲ್ಲಿ ಸುಳ್ಳಿದೆ ನೋಡು" ಎಂದಳು. ಮರುದಿನ ಹುಡುಗಿ ಅಳುಕುತ್ತಲೇ ಬಂದಳು.

"ಅಕ್ಕ, ಏಳು ಜನರನ್ನ ಮಾತಾಡಿಸಿದೆ ಅಂತ ಬರ್ದಿದ್ದೀರ. ಪಟ್ಟಿಯಲ್ಲಿ ಆರೇ ಜನ ಇದ್ದಾರೆ."

ಚೆಕಿಂಗ್ ಅಕ್ಕನ ಮುಖ ಕೆಂಪಾಯಿತು. ಹಾಳೆ ಕಿತ್ತುಕೊಂಡು ಎಣಿಸಿದಳು. ಬೆರಳಿಟ್ಟು ಮತ್ತೆ ಎಣಿಸಿದಳು. ಆರೇ ಹೆಸರುಗಳಿದ್ದವು. ಬಿಟ್ಟುಹೋದ ಆ ಒಬ್ಬರ ವಿವರ ಹುಡುಕಲು ಚೀಲ ತಡಕುತ್ತ, ಹುಡುಗಿಗೆ ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟಳು.